ಬಾನೆಟ್ ಎತ್ತಿದವನ ನೆಂಟರು

ನಮ್ಮ ವಿಟ್ಲ ಸೀಮೆಯಲ್ಲಿ ಮದುವೆಗೆ ಹೇಳಿಕೆ ಬೇಕು, ಸಾವಿನ ಬೊಜ್ಜಕ್ಕೂ ಹೇಳಿಕೆ ಬೇಕು. ಆದರೆ ಮಾರ್ಗದ ಬದಿಯಲ್ಲಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದವನ ಬಳಿ ಹೋಗಿ ನಿಲ್ಲುವುದಕ್ಕೆ ಯಾರ ಹೇಳಿಕೆಯೂ ಬೇಕಾಗಿರಲಿಲ್ಲ. ನಾನು ಹೇಳುತ್ತಿರುವುದು ಸರ್ವಿಸ್ ಜೀಪುಗಳ ಕಾಲದ ಮಾತು. ಮೊದಲು ಇಳಿದು ಬರುತ್ತಿದ್ದವನು ಜೀಪಿನ ಡ್ರೈವರ್. ಹಿಂದಿನ ಮೆಟ್ಟಿಲಲ್ಲಿ ನೇತಾಡುತ್ತಿದ್ದವರನ್ನು ಹಾಗೆಯೇ ನೇತಾಡಲು ಬಿಟ್ಟು ಬರುತ್ತಿದ್ದ. ಅವನ ಹಿಂದೆ ಸೈಕಲ್ಲಿನ ಮೀನಿನವರು. ಅಡಕೆ ಮಾರಿ ಖಾಲಿ ಗೋಣಿ ಹೆಗಲಿಗೇರಿಸಿಕೊಂಡು ಮನೆಗೆ ಹೊರಟವರು. ಬೀಡಿ ಬ್ರಾಂಚಿಗೆ ಹೋಗುವ ಹೆಂಗಸರು ಸ್ವಲ್ಪ ದೂರದಲ್ಲೇ ನಿಂತು, ಆದರೆ ಎಲ್ಲವೂ ಕೇಳಿಸುವಷ್ಟು ಹತ್ತಿರ. "ದಾನೆ ಆಂಡ್, ಏನಾಯಿತು?" ಎಂದು ಒಬ್ಬ ಕೇಳುವನು. ಒಬ್ಬ ಬೆಲ್ಟಿನ ಮೇಲೆ ಬೆರಳಿಡುವನು, ಇನ್ನೊಬ್ಬ ಬ್ಯಾಟರಿಯ ಟರ್ಮಿನಲ್ ಅಲ್ಲಾಡಿಸುವನು. ಕೊನೆಗೆ ವಯಸ್ಸಾದವರೊಬ್ಬರು ಬಾಯಿಯ ಎಲೆಯಡಕೆ ಉಗಿದು ಬಂದು ತೀರ್ಪು ಕೊಡುವರು: "ಫ್ಯೂಸ್ ಪೋತುಂಡು." ಪೆಟ್ರೋಲ್ ಮುಗಿದಿದ್ದರೂ ಅದೇ ತೀರ್ಪು.

ಇಂಥ ಸಭೆಗಳನ್ನು ನಾನು ಹೆಚ್ಚಾಗಿ ಕಂಡದ್ದು ಸೋದರಮಾವನ ಅಂಬಾಸಿಡರಿನ ದೆಸೆಯಿಂದ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1957ರಿಂದ ತಯಾರಾಗತೊಡಗಿದ ಆ ಗಾಡಿಯ ಹಳೆಯ ಮಾದರಿಗಳಲ್ಲಿ ಇದ್ದದ್ದು ಎರಡೇ ಎರಡು ಫ್ಯೂಸು. ಬಾನೆಟ್ಟಿನೊಳಗೆ ಕಣ್ಣಿಗೆ ಕಾಣುವ ಜಾಗದಲ್ಲೇ ಪುಟ್ಟ ಪೆಟ್ಟಿಗೆ, ಅದರಲ್ಲಿ ಗಾಜಿನ ಎರಡು ಕೊಳವೆ, ಪಕ್ಕದಲ್ಲಿ ಸ್ಪೇರ್ ಎರಡು. ಒಂದು ಫ್ಯೂಸು ಹಾರ್ನಿಗೆ ಮತ್ತು ಒಳಗಿನ ದೀಪಕ್ಕೆ. ಕೀಲಿ ತಿರುಗಿಸದಿದ್ದರೂ ಅದರಲ್ಲಿ ಕರೆಂಟ್ ಇರುತ್ತದೆ. ಇನ್ನೊಂದು, ಕೀಲಿ ತಿರುಗಿಸಿದ ಮೇಲೆ ಏಳುವ ವೈಪರ್, ಬ್ರೇಕ್ ಲೈಟು, ಪೆಟ್ರೋಲಿನ ಮುಳ್ಳು ಮುಂತಾದವಕ್ಕೆ. ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ನಡುರಾತ್ರಿ ತಿರುವಿನಲ್ಲಿ ಎರಡೂ ದೀಪ ಒಟ್ಟಿಗೆ ಆರುವುದಕ್ಕಿಂತ ವಯರು ಸುಟ್ಟುಹೋದರೂ ಅಡ್ಡಿಯಿಲ್ಲ ಎಂದು ಆ ಕಾಲದವರು ಲೆಕ್ಕ ಹಾಕಿರಬೇಕು. ಯಕ್ಷಗಾನದ ಆಟ ನೋಡಿ ಪೆರ್ಲದ ಕಡೆಯಿಂದ ರಾತ್ರಿ ಮನೆಗೆ ಬರುತ್ತಿದ್ದ ನಮಗೆ ಆ ಲೆಕ್ಕ ಸರಿಯಾಗಿಯೇ ಕಂಡಿತ್ತು.

ಹೋದದ್ದು ಯಾವ ಫ್ಯೂಸೆಂದು ತಿಳಿಯಲು ಮಾವನಿಗೆ ಟೆಸ್ಟರ್ ಬೇಡ. ಹಾರ್ನ್ ಒತ್ತುವರು; ಕೂಗಿದರೆ ಮೊದಲನೆಯದು ಸರಿ ಇದೆ. ಕೀಲಿ ತಿರುಗಿಸಿ ಪೆಟ್ರೋಲಿನ ಮುಳ್ಳು ನೋಡುವರು; ಎದ್ದರೆ ಎರಡನೆಯದೂ ಸರಿ. ಇದು ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೆ ಮಾತ್ರ. ಮಾವನ ಟ್ಯಾಂಕಿನ ಮಟ್ಟಿಗೆ ಅದೇನೂ ಸಣ್ಣ ಶರತ್ತಲ್ಲ.

ಆಮೇಲೆ ಗಾಜಿನ ಕೊಳವೆಯನ್ನು ತೆಗೆದು ಬಿಸಿಲಿಗೆ ಹಿಡಿಯುವ ಶಾಸ್ತ್ರ. ಅದು ಕೈಯಿಂದ ಕೈಗೆ ದಾಟುತ್ತಿತ್ತು. ಮೀನಿನವರ ಕೈಗೆ ಹೋದದ್ದು ವಾಪಸು ಬರುವಾಗ ಅದಕ್ಕೊಂದು ಪರಿಮಳವೂ ಸೇರಿರುತ್ತಿತ್ತು. ಒಳಗಿನ ತಂತಿ ನಡುವೆ ಅಷ್ಟೇ ತುಂಡಾಗಿ, ಗಾಜು ತಿಳಿಯಾಗಿದ್ದರೆ ಭಾರ ಹೆಚ್ಚಾಗಿ ಮೆಲ್ಲಗೆ ಕರಗಿದ್ದು. ಗಾಜಿಗೆ ಕಪ್ಪು ಹಿಡಿದಿದ್ದರೆ ಎಲ್ಲೋ ವಯರು ಬಾಡಿಗೆ ತಾಗಿ ಶಾರ್ಟ್ ಆದದ್ದು. ಅದನ್ನು ಹುಡುಕದೆ ಹೊಸದು ಹಾಕಿದರೆ ಹೊಸದೂ ದಂಡ. ಕಾಯಿಲೆ ಏನೆಂದು ರೋಗಿಯೇ ಬರೆದಿಟ್ಟು ಹೋಗುವ ಇಂಥ ಅನುಕೂಲ ಆಮೇಲೆ ಬಂದ ಯಾವ ಯಂತ್ರದಲ್ಲೂ ನನಗೆ ಸಿಕ್ಕಿಲ್ಲ.

ಜೀಪಿನವರದು ಬೇರೆಯೇ ವೈದ್ಯ. ಸಿಗರೇಟ್ ಪ್ಯಾಕಿನ ಬೇಗಡೆ ಹರಿದು ಸುಟ್ಟ ಫ್ಯೂಸಿಗೆ ಸುತ್ತಿ ಒತ್ತಿಬಿಟ್ಟರೆ ಗಾಡಿ ಹೊರಟಿತು. ಮಾವನಿಗೆ ಅದು ಕಂಡರೆ ಆಗದು. "ಫ್ಯೂಸ್ ಇರುವುದು ಬಲ್ಬನ್ನು ಕಾಯುವುದಕ್ಕಲ್ಲ ಮಾರಾಯ, ವಯರನ್ನು ಕಾಯುವುದಕ್ಕೆ" ಎಂದು ಗದರುತ್ತಿದ್ದರು. ಹನ್ನೆರಡು ವೋಲ್ಟಿನ ಗಾಡಿಯಲ್ಲಿ 60 ವಾಟಿನ ಬಲ್ಬು ಎಳೆಯುವುದು 5 ಆಂಪಿಯರ್. ಅಷ್ಟನ್ನು ಹೊರಬಲ್ಲ ವಯರಿಗೆ ಅದಕ್ಕೆ ಒಪ್ಪುವ ಫ್ಯೂಸು. ಬೇಗಡೆಗೆ ಆಂಪಿಯರಿನ ಹಂಗಿಲ್ಲ. ಅದು ಕರಗದೆ ನಿಂತರೆ ಅದರ ಬದಲಿಗೆ ಸೀಟಿನ ಅಡಿಯ ವಯರು ಕರಗುತ್ತದೆ. ಈ ಉಪದೇಶ ಮಾಡುತ್ತಿದ್ದ ಮಾವನದೇ ಮನೆಯ ಮೇನ್ ಸ್ವಿಚ್ಚಿನ ಪಿಂಗಾಣಿ ಫ್ಯೂಸಿನಲ್ಲಿ ಸೊಂಪಾದ ತಾಮ್ರದ ತಂತಿಯಿತ್ತು. ಕೇಳಿದರೆ, "ಮನೆ ಎಲ್ಲಿಗೂ ಓಡುವುದಿಲ್ಲವಲ್ಲ" ಎಂದರು. ಆ ಮಾತಿನ ತರ್ಕ ಇಂದಿಗೂ ನನ್ನ ಕೈಗೆ ಸಿಕ್ಕಿಲ್ಲ. 1847ರಲ್ಲಿ ಫ್ರಾನ್ಸಿನ ಲೂಯಿ ಬ್ರೆಗೆ ಟೆಲಿಗ್ರಾಫ್ ಕಚೇರಿಗಳನ್ನು ಸಿಡಿಲಿನಿಂದ ಕಾಯಲು ಸಣ್ಣ ತಂತಿಯ ತುಂಡು ಕಟ್ಟಿದ ಮೇಲೆ, 1890ರಲ್ಲಿ ಎಡಿಸನ್ ಅಂಥದ್ದಕ್ಕೆ ಪೇಟೆಂಟ್ ಪಡೆದ ಮೇಲೆ, ಜಗತ್ತಿನಲ್ಲೆಲ್ಲ ಜನ ಎರಡು ಪಂಗಡವಾಗಿದ್ದಾರೆಂದು ನನ್ನ ಅಂದಾಜು: ಸಪುರ ತಂತಿಯವರು, ದಪ್ಪ ತಂತಿಯವರು. ಮಾವ ಕಾರಿನಲ್ಲಿ ಆ ಕಡೆ, ಮನೆಯಲ್ಲಿ ಈ ಕಡೆ.

ಒಂದು ಆಟಿ ತಿಂಗಳ ಮಳೆಯಲ್ಲಿ ಅಡ್ಯನಡ್ಕದಿಂದ ವಿಟ್ಲಕ್ಕೆ ಬರುತ್ತಿದ್ದಾಗ ವೈಪರ್ ನಿಂತಿತು. ಪೆಟ್ರೋಲಿನ ಮುಳ್ಳೂ ಮಲಗಿತ್ತು, ಆದ್ದರಿಂದ ಅಪರಾಧಿ ಯಾರೆಂಬ ಬಗ್ಗೆ ಸಂಶಯವಿರಲಿಲ್ಲ. ಸ್ಪೇರ್ ಎರಡೂ ಮುಂಚೆಯೇ ಖರ್ಚಾಗಿದ್ದವು. ನಮ್ಮ ಕಡೆಯ ಆಟಿಯ ಮಳೆ ಗೊತ್ತಿದ್ದವರಿಗೆ ನಮ್ಮ ಅವಸ್ಥೆ ಬಿಡಿಸಿ ಹೇಳಬೇಕಿಲ್ಲ. ಗಾಜಿನಾಚೆ ಮಾರ್ಗವಿದೆ ಎಂಬುದು ಬರೇ ನಂಬಿಕೆ. ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಮಾತಿಲ್ಲದೆ ಎಲೆಸಂಚಿ ಬಿಚ್ಚಿ, ಹೊಗೆಸೊಪ್ಪಿನ ಒಂದು ತುಂಡು ಮುರಿದು ಮುಂದೆ ಚಾಚಿದರು: "ಇದಾ ಮಾಣಿ, ಇದರ ಉದ್ದು." ಮಾವ ಇಳಿದು ಗಾಜಿಗೆ ಉಜ್ಜಿದರು. ಸೊಪ್ಪಿನ ರಸ ತಾಗಿದ ಗಾಜಿನ ಮೇಲೆ ನೀರು ಹನಿಹನಿಯಾಗಿ ನಿಲ್ಲದೆ ತೆಳ್ಳಗೆ ಹಾಸಿಕೊಂಡು ಇಳಿಯತೊಡಗಿತು. ವಿಟ್ಲ ಪೇಟೆ ಮುಟ್ಟುವವರೆಗೆ ಅಷ್ಟು ಸಾಕಾಯಿತು. ಅಜ್ಜಿ ಮಾತ್ರ ಆ ದಿನವಿಡೀ ಹೊಗೆಸೊಪ್ಪಿಲ್ಲದೆ ಎಲೆಯಡಕೆ ಹಾಕಬೇಕಾಗಿ ಬಂದು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ಹೊಗೆಸೊಪ್ಪು ಈಗಲೂ ಕಾರಿನ ಸೇವೆಯಲ್ಲಿದೆ, ಕೆಲಸ ಮಾತ್ರ ಬೇರೆ. ನಮ್ಮಲ್ಲಿ ಫ್ಯೂಸ್ ಹೋಗುವುದಕ್ಕೆ ಇಲಿ ಒಂದು ಮುಖ್ಯ ಕಾರಣ. ಅಡಕೆ ತೋಟದ ನಡುವೆ ಕೊಕ್ಕೊ ಬೆಳೆಯಲು ಶುರುವಾದ ಮೇಲೆ, ಪುತ್ತೂರಿನಲ್ಲಿ 1986ರಲ್ಲಿ ಕ್ಯಾಂಪ್ಕೊದ ಚಾಕಲೇಟ್ ಕಾರ್ಖಾನೆ ಬಂದ ಮೇಲೆ, ಚಾಕಲೇಟಿನ ಕಚ್ಚಾ ಸಾಮಗ್ರಿಯನ್ನು ಮಕ್ಕಳಿಗಿಂತ ಮೊದಲು ತಿಂದವು ಇಲಿ ಮತ್ತು ಅಳಿಲು. ಅಡಕೆ, ಕೊಕ್ಕೊ ಬೆಳೆಗಳ ಬಗ್ಗೆ ಸಂಶೋಧನೆ ಮಾಡುವ ಸಿಪಿಸಿಆರ್‌ಐ ಕೇಂದ್ರ ನಮ್ಮ ವಿಟ್ಲದಲ್ಲೇ ಇದೆ. ಇಲಿಗಳು ಆ ಸಂಶೋಧನೆಯನ್ನು ನಮ್ಮ ಕೊಟ್ಟಿಗೆಯಲ್ಲಿ ಖಾಸಗಿಯಾಗಿ ಮುಂದುವರಿಸುತ್ತವೆ. ಮಳೆಗಾಲದಲ್ಲಿ ಎಂಜಿನಿನ ಬಿಸುಪು ಅವಕ್ಕೆ ಹಿತ. ಊಟಕ್ಕೆ ಕೊಕ್ಕೊ, ಹಲ್ಲು ಮಸೆಯಲು ವಯರು. ಜಪಾನಿನ ಕಾರು ಕಂಪನಿಯೊಂದು ವಯರಿಗೆ ಸುತ್ತಲು ಮೆಣಸಿನ ಖಾರ ಬೆರೆಸಿದ ಟೇಪನ್ನೇ ಮಾರುತ್ತದೆ. ನಾವು ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುತ್ತೇವೆ. ಇಲಿ ಹೆದರುತ್ತದೋ ಇಲ್ಲವೋ, ನನ್ನ ಕಾರಿಗೆ ಅಜ್ಜಿಯ ಸೆರಗಿನ ಪರಿಮಳ ಬಂದಿದೆ.

ಈಗಿನ ಆ ಕಾರಿನಲ್ಲಿ ಫ್ಯೂಸುಗಳು ಎಷ್ಟಿವೆಯೆಂದು ನಾನು ಎಣಿಸಿಲ್ಲ. ಬಾನೆಟ್ಟಿನೊಳಗೆ ಒಂದು ಪೆಟ್ಟಿಗೆ, ಸ್ಟಿಯರಿಂಗಿನ ಕೆಳಗೆ ಮೊಣಕಾಲಿನ ಹತ್ತಿರ ಇನ್ನೊಂದು. ಗಾಜಿನ ಕೊಳವೆ ಹೋಗಿ ಎರಡು ಕಾಲಿನ ಪ್ಲಾಸ್ಟಿಕ್ ಫ್ಯೂಸು ಬಂದಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಮುಚ್ಚಳ ತೆಗೆದರೆ ಪೆಪ್ಪರ್ಮಿಂಟಿನ ಭರಣಿ ತೆರೆದ ಹಾಗೆ: ಹತ್ತು ಆಂಪಿಯರಿನದು ಕೆಂಪು, ಹದಿನೈದರದು ನೀಲಿ, ಇಪ್ಪತ್ತರದು ಹಳದಿ, ಮೂವತ್ತರದು ಹಸಿರು. ವಿಟ್ಲದಲ್ಲೂ ಕೆಂಪು ಹತ್ತೇ, ಜರ್ಮನಿಯಲ್ಲೂ ಕೆಂಪು ಹತ್ತೇ. ಮನುಷ್ಯರೆಲ್ಲ ಒಪ್ಪಿಕೊಂಡಿರುವ ಸಂಗತಿಗಳು ಕಡಿಮೆ, ಅದರಲ್ಲಿ ಇದೊಂದು. ಕೀಳಲು ಪುಟ್ಟ ಪ್ಲಾಸ್ಟಿಕ್ ಚಿಮುಟವನ್ನೂ ಪೆಟ್ಟಿಗೆಯಲ್ಲೇ ಇಟ್ಟಿರುತ್ತಾರೆ. ಸ್ಪೇರ್ ಇಲ್ಲದಿದ್ದರೆ ಅಷ್ಟೇ ಆಂಪಿಯರಿನ, ಅಷ್ಟೇನೂ ಅಗತ್ಯವಿಲ್ಲದ ಇನ್ನೊಂದನ್ನು ಕಿತ್ತು ಹಾಕಿಕೊಳ್ಳಬಹುದು. ರೇಡಿಯೊ ಸುಮ್ಮನಾಗುತ್ತದೆ, ಹಾರ್ನ್ ಕೂಗುತ್ತದೆ. ನಮ್ಮ ಮಾರ್ಗದಲ್ಲಿ ಅದು ಲಾಭದ ವ್ಯಾಪಾರ.

ಬದಲಿಸುವುದು ಸುಲಭ, ಕಷ್ಟವಿರುವುದು ಹುಡುಕುವುದರಲ್ಲಿ. ಬಾಗಿಲು ತೆರೆದು, ಒಂದು ಕಾಲು ಹೊರಗೆ ಚಾಚಿ, ತಲೆಯನ್ನು ಬ್ರೇಕಿನ ಪೆಡಲಿನ ಹತ್ತಿರ ತೂರಿಸಿ ಮೇಲೆ ನೋಡಬೇಕು. ನನ್ನ ಕನ್ನಡಕ ಎರಡು ಗಾಜಿನದು. ಓದುವ ಗಾಜು ಕೆಳಗೆ, ದೂರದ್ದು ಮೇಲೆ. ಹತ್ತಿರದ ವಸ್ತು ತಲೆಯ ಮೇಲೆ ಇರಬಹುದೆಂದು ಕನ್ನಡಕ ಮಾಡಿದವನಿಗೆ ಹೊಳೆದಿರಲಿಲ್ಲ. ಕುತ್ತಿಗೆಯನ್ನು ಹಿಂದಕ್ಕೆ ಮುರಿದು, ಗಡ್ಡ ಮೇಲೆತ್ತಿ, ಮುಚ್ಚಳದ ಮೇಲಿನ ಸಾಸಿವೆಯಷ್ಟು ಅಕ್ಷರಗಳನ್ನು ಓದಿದರೆ ಫೋನ್ ಚಾರ್ಜ್ ಮಾಡುವ ಗುಂಡಿಯ ಫ್ಯೂಸಿಗೆ ಅಲ್ಲಿ ಸಿಗರೇಟಿನ ಹೆಸರಿದೆ. ಸಿಗರೇಟ್ ಹಚ್ಚಲು ಕಾರಿನಲ್ಲಿ ಗುಂಡಿ ಇಡುತ್ತಿದ್ದ ಕಾಲ ಹೋದರೂ ಹೆಸರು ಉಳಿದುಕೊಂಡಿದೆ. ಈ ಭಂಗಿಯಲ್ಲಿ ನನ್ನನ್ನು ಅಂಗಳದಿಂದ ಕಂಡ ಹೆಂಡತಿ, "ಎಂತ ಹುಡುಕುವುದು ಅಷ್ಟು ಹೊತ್ತಿಂದ? ಯೋಗ ಮಾಡುವುದಾದರೆ ಚಾಪೆ ಹಾಕಿಕೊಳ್ಳಬಾರದಾ?" ಎಂದಳು.

ಅದಕ್ಕೆ ಮೊದಲು, ಉಕ್ಕುಡದ ಹತ್ತಿರ ಫೋನ್ ಚಾರ್ಜ್ ಆಗುತ್ತಿಲ್ಲವೆಂದು ಗೊತ್ತಾದ ದಿನ, ಕಾರು ಬದಿಗೆ ಹಾಕಿ ನಾನು ಬಾನೆಟ್ ಎತ್ತಿದ್ದೆ. ಬೇಕಾದ ಫ್ಯೂಸು ಅಲ್ಲಿಲ್ಲ, ಒಳಗೆ ಮೊಣಕಾಲಿನ ಹತ್ತಿರ ಇದೆ ಎಂದು ಚೆನ್ನಾಗಿ ಗೊತ್ತಿದ್ದೇ ಎತ್ತಿದ್ದು. ಹಳೆಯ ಆಸೆ. ಯಾರಾದರೂ ಬಂದು ಬೆಲ್ಟಿನ ಮೇಲೆ ಬೆರಳಿಟ್ಟಾರು, ಎರಡು ಮಾತಾದೀತು, ಅಡಕೆಯ ರೇಟು ತಿಳಿದೀತು. ವಾಹನಗಳು ಹೋಗುತ್ತಲೇ ಇದ್ದವು. ಚೆರ್ಕಳದ ಕಡೆ ಹೊರಟಿದ್ದ ಕಾರೊಂದು ಕೊನೆಗೂ ನಿಧಾನಿಸಿತು, ಗಾಜು ಅರ್ಧ ಇಳಿಯಿತು, ಒಳಗಿನ ತರುಣ ಬಹಳ ಮರ್ಯಾದೆಯಿಂದ ಕೇಳಿದ: "ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದ್ದೀರಾ ಅಂಕಲ್?" ಮಾಡಿದ್ದೇನೆ ಎಂದು ಸುಳ್ಳು ಹೇಳಿದೆ. ಅವನನ್ನು ದೂರುವಂತಿಲ್ಲ. ಅವನು ಇಳಿದು ಬಂದರೂ ನೋಡುವುದಕ್ಕೆ ಅಲ್ಲಿ ಏನಿತ್ತು? ಎಂಜಿನಿಗೂ ಈಗ ಕಪ್ಪು ಪ್ಲಾಸ್ಟಿಕ್ಕಿನ ಮುಸುಕು. ಅಂಬಾಸಿಡರಿನ ಸ್ಪ್ರಿಂಗ್ ಸೀಟು, ಬೇಸಿಗೆಯ ಸೆಕೆ ಯಾವುದೂ ನನಗೆ ಬೇಡ. 2014ರಲ್ಲಿ ಆ ಕಾರು ನಿಂತಿತೆಂದು ಓದಿದಾಗ ಸೊಂಟ ನೋವಿನ ನೆನಪೇ ಮೊದಲು ಬಂದದ್ದು. ನನಗೆ ಬೇಕಾಗಿದ್ದದ್ದು ಆ ಸಭೆ.

ಇರಲಿ, ಕಿತ್ತು ನೋಡಿದ ಫ್ಯೂಸು ಸುಟ್ಟಿತ್ತು. ಪೇಟೆಯಿಂದ ಹೊಸದು ತಂದು ಹಾಕಿದೆ. ಚಾರ್ಜರ್ ಚುಚ್ಚುವ ಮೊದಲೇ ಅದೂ ಹೋಯಿತು. ಬೆಂಗಳೂರಿನ ಮಗ ಫೋನಿನಲ್ಲಿ, "ಅಪ್ಪ, ಸುಮ್ಮನೆ ಶೋರೂಮಿಗೆ ಕೊಡಿ" ಎಂದ. ಇಲಿಯ ಮೇಲೆ ನನ್ನ ಗುಮಾನಿ, ಹೊಗೆಸೊಪ್ಪು ಬದಲಿಸಿದೆ. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ ಇದನ್ನೆಲ್ಲ ನೋಡುತ್ತ ನಿಂತಿದ್ದವನು, "ಅಜ್ಜ, ಹುಂಡಿ ತುಂಬಿತಾ?" ಎಂದು ಕೇಳಿದ.

ಯಾವ ಹುಂಡಿ? ಆ ವಾರ ಪಂಚಲಿಂಗೇಶ್ವರ ದೇವಸ್ಥಾನಕ್ಕೆ ಅವನನ್ನು ಕರೆದುಕೊಂಡು ಹೋಗಿ, ಹುಂಡಿಗೆ ಹಾಕಲು ಒಂದು ರೂಪಾಯಿ ಕೊಟ್ಟಿದ್ದೆವು. ಮನೆಗೆ ಬರುವಾಗ ಕಾರಿನಲ್ಲೂ ಒಂದು ಹುಂಡಿ ಅವನ ಕಣ್ಣಿಗೆ ಬಿದ್ದಿದೆ: ದುಂಡಗಿನ ಗುಂಡಿ, ಮುಚ್ಚಳ ಬೇರೆ. ಒಂದು ರೂಪಾಯಿಯ ಹೊಸ ನಾಣ್ಯದ ಅಡ್ಡಳತೆ 20 ಮಿಲಿಮೀಟರ್. ಚಾರ್ಜರಿನ ಗುಂಡಿಯ ಬಾಯಿ ಅದಕ್ಕಿಂತ ಒಂದು ಕೂದಲಷ್ಟು ದೊಡ್ಡದು. ಹಳೆಯ ಐದು ರೂಪಾಯಿ ಕೊಟ್ಟಿದ್ದರೆ ಅದು ಹೊರಗೇ ಉಳಿಯುತ್ತಿತ್ತು. ಜಿಪುಣತನಕ್ಕೂ ಫ್ಯೂಸಿಗೂ ಇಂಥದ್ದೊಂದು ಸಂಬಂಧವಿದೆಯೆಂದು ಮಾವ ಹೇಳಿರಲಿಲ್ಲ. ತಳದಲ್ಲಿ ಕೂತ ನಾಣ್ಯ ನಡುವಿನ ಪ್ಲಸ್ಸಿಗೂ ಬದಿಯ ಮೈನಸ್ಸಿಗೂ ತಾಗಿ, ಹಾಕಿದ ಫ್ಯೂಸನ್ನೆಲ್ಲ ಸುಡುತ್ತಿತ್ತು.

ಫ್ಯೂಸ್ ಕಿತ್ತಿಟ್ಟು ನಾಣ್ಯ ತೆಗೆಯಲು ಹೊರಟರೆ ಬೆರಳು ಹಿಡಿಸದು, ಚಿಮುಟ ಜಾರುತ್ತದೆ. ಹಲಸಿನ ಹಣ್ಣು ಬಿಡಿಸುತ್ತಿದ್ದ ಹೆಂಡತಿ ಎಣ್ಣೆ ಕೈಯಲ್ಲೇ ಎದ್ದು ಬಂದಳು. ಅಡಕೆ ಸಲಾಕೆಯ ತುದಿಗೆ ಹಲಸಿನ ಮೇಣ ಸುತ್ತಿ, ಗುಂಡಿಯೊಳಗೆ ಒತ್ತಿ, ಎಳೆದಳು. ನಾಣ್ಯ ಅಂಟಿಕೊಂಡು ಬಂತು. ಆಮೇಲಿನ ಫ್ಯೂಸು ಉಳಿಯಿತು, ಫೋನೂ ಚಾರ್ಜ್ ಆಯಿತು.

ಮೊಮ್ಮಗನಿಗೆ ಮಾತ್ರ ಸಮಾಧಾನವಿಲ್ಲ. ದೇವರಿಗೆ ಹಾಕಿದ್ದನ್ನು ಅಜ್ಜಿ ತೆಗೆದಳೆಂದು ಬೆಂಗಳೂರಿಗೆ ಫೋನ್ ಹೋಯಿತು. ಹೆಂಡತಿ ನಾಣ್ಯಕ್ಕೆ ತೆಂಗಿನೆಣ್ಣೆ ಹಚ್ಚಿ ಮೇಣ ಬಿಡಿಸಿ, ನಾಳೆ ದೇವಸ್ಥಾನಕ್ಕೆ ಒಪ್ಪಿಸುವುದೆಂದು ತೀರ್ಮಾನ ಕೊಟ್ಟಳು. ಸುಟ್ಟ ಫ್ಯೂಸುಗಳ ದುಡ್ಡನ್ನು ಆ ಒಂದು ರೂಪಾಯಿಯಿಂದ ಕಳೆಯಲು ನನಗೆ ಅವಕಾಶ ಕೊಡಲಿಲ್ಲ.