ಅಳಿವೆಯ ಕೆಸರು, ಅಜ್ಜಿಯ ರಿಪೋರ್ಟು

ಅಜ್ಜಿಯ ಮೂತ್ರ ಪರೀಕ್ಷೆಯ ರಿಪೋರ್ಟನ್ನು ಚಿಕ್ಕಪ್ಪ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದರು. "ನಿನಗೆ ಇದೆಲ್ಲ ಗೊತ್ತಾಗ್ತದಲ್ಲ, ಒಮ್ಮೆ ನೋಡು" ಎಂದು ಕೆಳಗೊಂದು ಸಾಲು. ಆಗ ನಾನು ಲ್ಯಾಬಿನಲ್ಲಿ ಸ್ಕೇಲು ಹಿಡಿದು ಕೂತಿದ್ದೆ. ಎದುರಿಗಿದ್ದ ಪ್ಲೇಟುಗಳಲ್ಲಿ ಬೆಳೆದದ್ದು ಮಂಗಳೂರಿನ ಅಳಿವೆಯ ಬ್ಯಾಕ್ಟೀರಿಯಾ. ನೇತ್ರಾವತಿ, ಗುರುಪುರ ಎರಡೂ ಸೇರಿ ಸಮುದ್ರಕ್ಕೆ ಬೀಳುವ ಜಾಗದ ಕೆಸರಿನಿಂದ ನಾನೇ ಹೆಕ್ಕಿ ತಂದವು.

ಕೆಲಸ ಬಹಳ ಸರಳ. ಬ್ಯಾಕ್ಟೀರಿಯಾ ಹಚ್ಚಿದ ಪ್ಲೇಟಿನ ಮೇಲೆ ಔಷಧಿ ಹೀರಿದ ಕಾಗದದ ಪುಟ್ಟ ಬಿಲ್ಲೆಗಳನ್ನಿಟ್ಟು ಒಂದು ರಾತ್ರಿ ಬಿಡಬೇಕು. ಔಷಧಿಗೆ ಸೋತರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಉಳಿಯುತ್ತದೆ. ವೃತ್ತ ದೊಡ್ಡದಿದ್ದರೆ 'ಎಸ್', ತೀರಾ ಸಣ್ಣದಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ 'ಆರ್'. ಸುಳ್ಳು ಯಾಕೆ ಹೇಳಲಿ, ನಾಲ್ಕು ವರ್ಷಗಳಿಂದ 'ಆರ್' ಬರೆಯುವಾಗೆಲ್ಲ ನನಗೊಂದು ಸಣ್ಣ ಖುಷಿ. ಥೀಸಿಸ್ಸಿಗೆ ಮೇವು ಅದೇ ತಾನೆ.

ಅಜ್ಜಿಯ ರಿಪೋರ್ಟಿನಲ್ಲಿ ಹತ್ತು ಔಷಧಿಗಳಿದ್ದವು. ಏಳರ ಮುಂದೆ 'ಆರ್'. ಅದರಲ್ಲಿ ಸಿಪ್ರೊಫ್ಲಾಕ್ಸಾಸಿನ್ ಕೂಡ ಇತ್ತು. ಹಿಂದಿನ ಸಲ ಉರಿಮೂತ್ರ ಬಂದಾಗ ಅಜ್ಜಿ ಮೆಡಿಕಲ್ ಶಾಪಿನಿಂದ ತರಿಸಿ ಮೂರು ದಿನ ನುಂಗಿ, ಉರಿ ಹೋಯಿತೆಂದು ಮಿಕ್ಕದ್ದನ್ನು ಡಬ್ಬಿಗೆ ಹಾಕಿದ್ದು ಅದೇ ಗುಳಿಗೆಯನ್ನು.

ಸಿಪ್ರೊ ಮನುಷ್ಯ ಕಾರ್ಖಾನೆಯಲ್ಲಿ ಕಟ್ಟಿದ ಔಷಧಿ. ಪೆನಿಸಿಲಿನ್ನಿನ ಹಾಗೆ ಬೂಷ್ಟಿನಿಂದ ಬಂದದ್ದಲ್ಲ. ಹಾಗಾಗಿ ಇದನ್ನು ತಡೆಯುವ ಸಿದ್ಧ ಉಪಾಯ ನಿಸರ್ಗದಲ್ಲಿ ಇರಲಾರದು ಎಂದೇ ಅನ್ನಿಸುತ್ತದೆ. ಆದರೆ ಈ ಗುಂಪಿನ ಔಷಧಿಗಳನ್ನು ತಡೆಯುವ ಒಂದು ಜೀನು ಪ್ಲಾಸ್ಮಿಡ್ಡಿನಲ್ಲಿ ಕೂತು ಓಡಾಡುತ್ತಿದೆ ಎಂದು 1998ರಲ್ಲಿ ವರದಿಯಾಯಿತು. ಪ್ಲಾಸ್ಮಿಡ್ ಎಂದರೆ ಬ್ಯಾಕ್ಟೀರಿಯಾದೊಳಗೆ ಬೇರೆಯಾಗಿಯೇ ಇರುವ ಡಿಎನ್‌ಎಯ ಪುಟ್ಟ ಉಂಗುರ. ಅದನ್ನು ಮರಿಗಳಿಗಷ್ಟೇ ಅಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಹುದು. ನಮ್ಮ ಕಡೆ ಆಸ್ತಿ ಅಳಿಯನಿಗೆ ಹೋದದ್ದುಂಟು, ಹೊಳೆಯಾಚೆಯ ಅಪರಿಚಿತನಿಗೆ ಹೋದದ್ದು ನಾನು ಕೇಳಿಲ್ಲ. 2005ರಲ್ಲಿ ಆ ಜೀನಿನ ಮೂಲ ಹುಡುಕಿದವರು ಹೋಗಿ ನಿಂತದ್ದು ಶಿವನೆಲ್ಲಾ ಆಲ್ಗೆ ಎಂಬ ಬ್ಯಾಕ್ಟೀರಿಯಾದ ಹತ್ತಿರ. ಅದರ ಮನೆ ಸಮುದ್ರ. ಈ ಜೀನು ಕೊಡುವ ರಕ್ಷಣೆ ದೊಡ್ಡದೇನಲ್ಲ. ಆದರೆ ಸ್ವಲ್ಪ ಹೊತ್ತು ಬದುಕಿ ಉಳಿದರೆ ಮಿಕ್ಕ ಉಪಾಯಗಳು ಕೂಡಿಕೊಳ್ಳಲು ಅವಕಾಶವಾಗುತ್ತದೆ.

ನುಂಗಿದ ಸಿಪ್ರೊದಲ್ಲಿ ಹತ್ತಿರ ಹತ್ತಿರ ಅರ್ಧ ಹಾಗೆಯೇ ಮೂತ್ರದಲ್ಲಿ ಹೊರಗೆ ಬರುತ್ತದೆ. ಚರಂಡಿ, ತೋಡು, ಹೊಳೆ ದಾಟಿ ಕೆಸರಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಮ್ಮ ಹೊಟ್ಟೆಯ ಬ್ಯಾಕ್ಟೀರಿಯಾವೂ ಅದೇ ದಾರಿಯಲ್ಲಿ ಬರುತ್ತವೆ. ಅಳಿವೆಯಲ್ಲಿ ಊರಿನವು, ಕಡಲಿನವು ಒಂದೇ ಕೆಸರಿನಲ್ಲಿ, ಔಷಧಿಯ ಪಕ್ಕದಲ್ಲೇ ಕೂರುತ್ತವೆ. ಸೆಮಿನಾರುಗಳಲ್ಲಿ ನಾನು ಹೇಳುತ್ತಿದ್ದ ಕತೆಯಲ್ಲಿ ಊರು ಕೊಡುತ್ತಿತ್ತು, ಪಾಪದ ಸಮುದ್ರ ತೆಗೆದುಕೊಳ್ಳುತ್ತಿತ್ತು. ಅದು ಅರ್ಧ ಕತೆ. ಸಮುದ್ರವೂ ಕೊಡುತ್ತದೆ.

ಅಜ್ಜಿಯ ಬ್ಯಾಕ್ಟೀರಿಯಾದಲ್ಲಿ ಈ ಜೀನು ಇತ್ತೇ ಎಂದು ಯಾರೂ ನೋಡಲಿಲ್ಲ. ಚಿಕಿತ್ಸೆಗೆ ಅದು ಬೇಕಾಗಿಯೂ ಇರಲಿಲ್ಲ. ಮೂರೇ ದಿನಕ್ಕೆ ಗುಳಿಗೆ ಬಿಟ್ಟದ್ದರಿಂದಲೇ ಹೀಗಾಯಿತು ಎಂದು ಗದರಿಸುವಷ್ಟು ನೇರ ಲೆಕ್ಕವೂ ಇದಲ್ಲ.

ನಾನು ಸ್ಯಾಂಪಲ್ ತೆಗೆಯುವ ಜಾಗದ ಹತ್ತಿರವೇ ಇಳಿತದ ಹೊತ್ತಿಗೆ ಹೆಂಗಸರು ಮರುವಾಯಿ ಹೆಕ್ಕುತ್ತಾರೆ. ಒಬ್ಬರು ನನ್ನ ಐಸ್ ಪೆಟ್ಟಿಗೆ ನೋಡಿ, "ಇದನ್ನು ತಿನ್ನಬಹುದಲ್ಲ?" ಎಂದು ಕೇಳಿದ್ದರು. ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ ಎಂದೆ. ಹೇಳಿದ್ದು ಸರಿಯೇ. ಆದರೂ ಬುಟ್ಟಿ, ಕತ್ತಿ, ಬರಿಗೈ, ಕಾಲಿನ ಗಾಯ, ಇವುಗಳ ಬಗ್ಗೆ ನಾನು ಬಾಯಿಬಿಡಲಿಲ್ಲ. ಅವರ ಅವತ್ತಿನ ವ್ಯಾಪಾರ ಕೆಡಿಸಲು ಮನಸ್ಸಾಗಲಿಲ್ಲ.

ಅಜ್ಜಿಯನ್ನು ಆರು ದಿನ ಆಸ್ಪತ್ರೆಯಲ್ಲಿಟ್ಟು, ಉಳಿದ ಮೂರು 'ಎಸ್'ಗಳಲ್ಲಿ ಒಂದನ್ನು ಇಂಜೆಕ್ಷನ್ ಮಾಡಿ ಗುಣಪಡಿಸಿದರು. ನೋಡಲು ಹೋದಾಗ ರಿಪೋರ್ಟಿನ ಮೇಲೆ ಬೆರಳಿಟ್ಟು, "ಇಷ್ಟೆಲ್ಲ ಎಂತ ಬರೆದಿದ್ದಾರೆ ಮಗಾ?" ಅಂದರು. "ಇವು ಕೆಲಸ ಮಾಡುವುದಿಲ್ಲ ಅಂತ" ಎಂದೆ. "ಹಾಗಾದ್ರೆ ಡಬ್ಬಿಯಲ್ಲಿರುವುದು ವೇಸ್ಟಾ? ಬಿಸಾಡು ಅದನ್ನು."

ಡಬ್ಬಿಯಲ್ಲಿ ಏಳು ಸಿಪ್ರೊ ಉಳಿದಿದ್ದವು. ಮನೆಯ ಹಿಂದೆ ತೋಡು. ಅದು ಎಲ್ಲಿಗೆ ಹೋಗಿ ಸೇರುತ್ತದೆಂದು ನನಗೆ ಗೊತ್ತು. ಕಸದ ಗಾಡಿಗೆ ಹಾಕಿದರೆ ಮಳೆಗಾಲದಲ್ಲಿ ಅದೂ ತೊಳೆದು ಅಲ್ಲಿಗೇ ಬಂದೀತು. ಗುಳಿಗೆ ಮಾರಿದ ಅಂಗಡಿಯವರು, ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರು.

ಮೂರು ತಿಂಗಳಾಯಿತು. ಗುಳಿಗೆಗಳಿನ್ನೂ ನನ್ನ ಬ್ಯಾಗಿನ ಮುಂದಿನ ಜೇಬಿನಲ್ಲಿ, ಪ್ಲೇಟುಗಳಿಗೆ ನಂಬರು ಬರೆಯುವ ಮಾರ್ಕರ್ ಪೆನ್ನಿನ ಪಕ್ಕದಲ್ಲೇ ಇವೆ.