ಅಂಚಿನ ದಾರಿ

ಎದುರಿಗೆ ಬಂದವರನ್ನು ಕಂಡು ಹಿಂದಕ್ಕೆ ತಿರುಗುವುದು ಮನುಷ್ಯನಿಗೆ ಹುಟ್ಟಿನಿಂದ ಬಂದ ವಿದ್ಯೆ. ಸಾಲ ಕೊಟ್ಟವರು, ಚಂದಾ ಪುಸ್ತಕ ಹಿಡಿದವರು, ಸ್ವಂತ ಕವನವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರು—ಇವರಲ್ಲಿ ಯಾರೊಬ್ಬರು ದೂರದಲ್ಲಿ ಕಂಡರೂ ಸಾಕು, ನಮ್ಮ ಕಾಲು ತಾನಾಗಿಯೇ ಪಕ್ಕದ ಓಣಿಯನ್ನು ಹುಡುಕುತ್ತದೆ. ತಾಮ್ರದ ತಂತಿಯಲ್ಲಿ ಹರಿಯುವ ಎಲೆಕ್ಟ್ರಾನಿಗೂ ಈ ವಿದ್ಯೆ ಚೆನ್ನಾಗಿ ಬರುತ್ತದೆ. ಏನಾದರೂ ಅಡ್ಡವಾದರೆ ಎಡವುತ್ತದೆ, ದಿಕ್ಕು ಬದಲಿಸುತ್ತದೆ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ತಂತಿ ಬಿಸಿಯಾಗುವುದು ಇಂಥ ತಾಕಲಾಟಗಳಿಂದಲೇ.

ಹಿಂದಿರುಗಲು ಬಾರದ ಎಲೆಕ್ಟ್ರಾನುಗಳೂ ಉಂಟು ಎಂದು ನನಗೆ ತಿಳಿಸಿದವನು ನನ್ನ ತಂಗಿಯ ಮಗ. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದ್ದಾನೆ. ಬ್ಯಾಂಕಿನ ಕೆಲಸದ ಆರ್ಡರು ಬಂದಿದೆ. ಅದನ್ನು ಬಿಟ್ಟು ಸಂಶೋಧನೆಗೆ ಸೇರುತ್ತೇನೆ ಎನ್ನುತ್ತಾನೆ. ಮನೆ ಕಟ್ಟಿದ ಸಾಲ ಇನ್ನೂ ತೀರಿಲ್ಲ. “ಅಣ್ಣಾ, ನೀನಾದರೂ ನಾಲ್ಕು ಬುದ್ಧಿಮಾತು ಹೇಳು” ಎಂದು ತಂಗಿ ಅವನನ್ನು ನನ್ನಲ್ಲಿಗೆ ಕಳುಹಿಸಿದಳು. ನಾನು ಬುದ್ಧಿ ಹೇಳುವ ಮೊದಲೇ ಅವನು ಪಾಠ ಹೇಳತೊಡಗಿದ.

“ಮಾವ, ಕೆರೆಯ ನೀರಿನ ಮೇಲೆ ನಡೆಯಲಾಗುವುದಿಲ್ಲ, ಏರಿಯ ಮೇಲೆ ನಡೆಯಬಹುದು, ಅಲ್ಲವೆ? ಟೊಪೊಲಾಜಿಕಲ್ ಇನ್ಸುಲೇಟರ್ ಎಂಬ ಪದಾರ್ಥವೂ ಹಾಗೆಯೇ. ಒಳಗೆಲ್ಲ ವಿದ್ಯುತ್ತು ಹರಿಯದು. ಅಂಚಿನಲ್ಲಿ ಮಾತ್ರ ಹರಿಯುತ್ತದೆ. ಆ ಅಂಚಿನಲ್ಲಿ ಒಂದು ಬಗೆಯ ಸ್ಪಿನ್ನಿನ ಎಲೆಕ್ಟ್ರಾನುಗಳು ಈ ಕಡೆಗೆ ಹೋದರೆ, ಅದಕ್ಕೆ ವಿರುದ್ಧವಾದ ಸ್ಪಿನ್ನಿನವು ಆ ಕಡೆಗೆ ಹೋಗುತ್ತವೆ. ಹಿಂದಿರುಗಬೇಕಾದರೆ ಸ್ಪಿನ್ನನ್ನೇ ಮಗುಚಬೇಕು.”

ಸ್ಪಿನ್ ಎಂದರೆ ಬುಗುರಿಯ ಗಿರಕಿ ಎಂದುಕೊಂಡರೆ ಅರ್ಧ ಸತ್ಯ. ಬುಗುರಿ ಒಂದು ಸುತ್ತು ತಿರುಗಿದರೆ ಮೊದಲಿನಂತಾಗುತ್ತದೆ. ಎಲೆಕ್ಟ್ರಾನು ಎರಡು ಸುತ್ತು ತಿರುಗಬೇಕು. ಹುಡುಗ ಅಡಿಗೆಮನೆಯಿಂದ ತಟ್ಟೆಯೊಂದನ್ನು ತಂದು ಅಂಗೈ ಮೇಲಿಟ್ಟುಕೊಂಡ. ಕಂಕುಳ ಕೆಳಗಿನಿಂದ ಒಂದು ಸುತ್ತು ತಿರುಗಿಸಿದ. ತಟ್ಟೆ ಮೊದಲಿನಂತೆಯೇ ಇತ್ತು, ತೋಳು ಮಾತ್ರ ತಿರುಚಿಕೊಂಡಿತ್ತು. ಅದೇ ದಿಕ್ಕಿನಲ್ಲಿ ತಲೆಯ ಮೇಲಿಂದ ಇನ್ನೊಂದು ಸುತ್ತು ಹಾಕಿದ, ತೋಳೂ ನೆಟ್ಟಗಾಯಿತು. ನೀವೂ ಮಾಡಿ ನೋಡಿ. ತಟ್ಟೆಯಲ್ಲಿ ಸಾರು ಇರದಿದ್ದರೆ ಕ್ಷೇಮ. ಒಂದೇ ಸುತ್ತಿಗೆ ಎಲೆಕ್ಟ್ರಾನಿನ ಅಲೆಯ ಚಿಹ್ನೆ ಬದಲಾಗಿ, ಉಬ್ಬಿದ್ದಲ್ಲಿ ತಗ್ಗು ಬರುತ್ತದೆ. ನ್ಯೂಟ್ರಾನಿನದೂ ಇದೇ ಜಾತಿಯ ಸ್ಪಿನ್. 1975ರಲ್ಲಿ ನ್ಯೂಟ್ರಾನುಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಈ ಚಿಹ್ನೆಯ ಬದಲಾವಣೆ ಕಣ್ಣಿಗೇ ಕಂಡಿತು.

ಇನ್ನು ಅಂಚಿನ ದಾರಿಗೆ ಬರೋಣ. ಕಲ್ಮಷದ ಕಣವೊಂದು ಅಡ್ಡ ಬಂದಿದೆ. ಎಲೆಕ್ಟ್ರಾನು ಅದನ್ನು ಬಳಸಿ ಹಿಂದಿರುಗಲು ಎರಡು ಬಗೆ: ಅರ್ಧ ಪ್ರದಕ್ಷಿಣೆ ಇಲ್ಲವೆ ಅರ್ಧ ಅಪ್ರದಕ್ಷಿಣೆ. ಕ್ವಾಂಟಮ್ ಲೋಕದಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಒಂದರಲ್ಲಿ ಸ್ಪಿನ್ ಈ ಕಡೆಗೆ ಅರ್ಧ ಸುತ್ತು ತಿರುಗಿದರೆ ಇನ್ನೊಂದರಲ್ಲಿ ಆ ಕಡೆಗೆ ಅರ್ಧ ಸುತ್ತು. ಎರಡಕ್ಕೂ ನಡುವಿನ ಅಂತರ ಸರಿಯಾಗಿ ಒಂದು ಸುತ್ತು! ಆದ್ದರಿಂದ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಅಳಿಸಿಹೋಗುತ್ತವೆ. ಹಿಂದಿರುಗುವ ದಾರಿಯೇ ಉಳಿಯುವುದಿಲ್ಲ. ಎಲೆಕ್ಟ್ರಾನು ಮುಂದೆ ಹೋಗುತ್ತದೆ. ಅದನ್ನು ಕಾಯುವುದಕ್ಕೆ ಗೋಡೆಯಿಲ್ಲ, ಬೇಲಿಯಿಲ್ಲ. ಬರಿಯ ಒಂದು ಲೆಕ್ಕ!

2005ರಲ್ಲಿ ಕೇನ್ ಮತ್ತು ಮೆಲೆ ಇಂಥ ಅಂಚುಗಳ ಸಿದ್ಧಾಂತವನ್ನು ಮುಂದಿಟ್ಟರು. ಪಾದರಸದ ಟೆಲ್ಯೂರೈಡಿನ ತೆಳು ಪದರದಲ್ಲಿ ಹುಡುಕಿರೆಂದು 2006ರಲ್ಲಿ ಬರ್ನೆವಿಗ್, ಹ್ಯೂಸ್, ಜಾಂಗ್ ಎಂಬ ಮೂವರು ಹೇಳಿದರು. 2007ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗಿನ ಮೋಲೆನ್‌ಕಾಂಪರ ತಂಡ ಅದನ್ನು ಕಂಡಿತು. ಪದರದ ದಪ್ಪ 6.3 ನ್ಯಾನೋಮೀಟರಿಗಿಂತ ಹೆಚ್ಚಾದರೆ ಅಂಚಿನ ದಾರಿ ತೆರೆಯುತ್ತದೆ. ನಮ್ಮ ತಲೆಗೂದಲು ಅದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ದಪ್ಪ. ತುಂಡಿನ ಅಗಲವನ್ನು ಬದಲಿಸಿದರೂ ಹರಿವು ಬದಲಾಗಲಿಲ್ಲ. ಅಂದ ಮೇಲೆ ಹರಿಯುತ್ತಿದ್ದುದು ಅಂಚಿನಲ್ಲೇ.

“ಇದರಿಂದ ಮನೆಯ ಕರೆಂಟು ಬಿಲ್ಲು ಇಳಿಯುತ್ತದೆಯೇನೋ?” ಎಂದೆ. ತಂಗಿಯ ಪರವಾಗಿ ಕೇಳಲೇಬೇಕಾದ ಪ್ರಶ್ನೆ ಅದು.

“ಇಲ್ಲ ಮಾವ. ತಂತಿ ಜೋಡಿಸುವ ಕಡೆ ತಡೆ ಇದ್ದೇ ಇರುತ್ತದೆ. ಆ ಪ್ರಯೋಗ ನಡೆದದ್ದೂ ವಿಪರೀತ ಚಳಿಯಲ್ಲಿ, ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಉದ್ದದಲ್ಲಿ. ಉದ್ದ ಹೆಚ್ಚಿದರೆ ನಿಯಮ ಸಡಿಲುತ್ತದೆ. ಕಾಂತಗುಣದ ಕಲ್ಮಷ ಸಿಕ್ಕಿದರೆ ಅದೇ ಸ್ಪಿನ್ನನ್ನು ಮಗುಚಿಬಿಡುತ್ತದೆ, ಆಗ ಆ ಲೆಕ್ಕವೂ ಕೆಡುತ್ತದೆ.”

ಬಣ್ಣ ಹಚ್ಚದೆ ಆಡಿದ ಈ ಮಾತು ನನಗೆ ಹಿಡಿಸಿತು.

ಸ್ಪಿನ್ನಿನ ಚರಿತ್ರೆಯೂ ಹೀಗೆಯೇ. 1925ರಲ್ಲಿ ಕ್ರೋನಿಗ್ ಎಂಬ ತರುಣನಿಗೆ ಆ ಯೋಚನೆ ಹೊಳೆದಾಗ, ಹೆಸರಾಂತ ಪೌಲಿ ಅದನ್ನು ತಳ್ಳಿಹಾಕಿದ. ಹುಡುಗ ಪ್ರಕಟಿಸದೆ ಸುಮ್ಮನಾದ. ಅದೇ ವರ್ಷ ಲೈಡನ್ನಿನ ಊಲೆನ್‌ಬೆಕ್ ಮತ್ತು ಹೌಡ್‌ಸ್ಮಿಟ್ ಎಂಬ ಇಬ್ಬರು ತರುಣರಿಗೂ ಅದೇ ಹೊಳೆಯಿತು. ಲೊರೆಂಟ್ಸ್ ಆಕ್ಷೇಪಿಸಿದಾಗ ಅವರೂ ಹೆದರಿ ಲೇಖನವನ್ನು ಹಿಂತೆಗೆದುಕೊಳ್ಳಹೊರಟರು. ಅಷ್ಟರಲ್ಲಿ ಗುರು ಎರೆನ್‌ಫೆಸ್ಟ್ ಅದನ್ನು ಕಳುಹಿಸಿಯಾಗಿತ್ತು. ಹಿಂದಿರುಗಲು ದಾರಿಯಿಲ್ಲದೆ ಅವರ ಹೆಸರು ಉಳಿಯಿತು.

ಬುದ್ಧಿ ಹೇಳುವ ಹಿರಿಯರ ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂದು ನಾನು ಆ ರಾತ್ರಿಯೆಲ್ಲ ಯೋಚಿಸಿದೆ. ಬೆಳಿಗ್ಗೆ ತಂಗಿಯ ಮನೆಗೆ ಹೋಗಿ, “ನೋಡಮ್ಮ, ಎರಡು ವರ್ಷ ಸಾಲದ ಕಂತಿನಲ್ಲಿ ಅರ್ಧ ನನ್ನ ಪೆನ್ಶನ್ನಿನಿಂದ ಕೊಡುತ್ತೇನೆ. ಹುಡುಗ ಓದಲಿ” ಎಂದೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವನಿಗೆ ಬುದ್ಧಿ ಹೇಳು ಅಂದರೆ ನೀನೂ ಅವನ ಜೊತೆ ಸೇರಿಬಿಟ್ಟೆಯಲ್ಲ ಅಣ್ಣಾ!” ಎಂದು ಕಣ್ಣೊರೆಸಿಕೊಂಡು ಕಾಫಿ ತರಲು ಒಳಗೆ ಹೋದಳು.