ಗದಗಿನ ಪುಣ್ಯಾಶ್ರಮದಲ್ಲಿ ಸ್ವರದ ಓನಾಮ

ಹುಬ್ಬಳ್ಳಿಯಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರು ಎರೆಭೂಮಿಯನ್ನು ದಾಟಿದರೆ ಗದಗ. ತ್ರಿಕೂಟೇಶ್ವರನ ಕಂಬಗಳ ಕುಸುರಿಯನ್ನೂ ಕುಮಾರವ್ಯಾಸನ ನೆನಪು ಹೊತ್ತ ವೀರನಾರಾಯಣನ ಗುಡಿಯನ್ನೂ ನೋಡಲು ಬರುವವರು ಬಹಳ. ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗತಕ್ಕವರು ಮಾತ್ರ ಕಣ್ಣಿಗಿಂತ ಕಿವಿಯನ್ನು ಸಿದ್ಧಮಾಡಿಕೊಂಡು ಹೋಗಬೇಕು.

ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತ ಕಲಿತ ಜನ್ಮಾಂಧ ಪಂಚಾಕ್ಷರಿ ಗವಾಯಿಗಳು (1892-1944) ಅಂಧರೂ ಅನಾಥರೂ ಆದ ಮಕ್ಕಳನ್ನು ಕೂಡಿಸಿಕೊಂಡು ಊರೂರು ಅಲೆದು, ಕಡೆಗೆ ಇಲ್ಲಿ ನೆಲೆನಿಂತರು. ಅವರ ತರುವಾಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಈ ದಾಸೋಹವನ್ನು ನಡೆಸಿದರು. ಬಸವರಾಜ ರಾಜಗುರು, ವೆಂಕಟೇಶಕುಮಾರ ಮೊದಲಾದವರು ಈ ಗುರುಪರಂಪರೆಯ ಫಲ. ದೃಷ್ಟಿಯಿಲ್ಲದೆ ಬಂದ ಮಗುವಿಗೆ ಇಲ್ಲಿ ಸಂಗೀತವು ಅಲಂಕಾರವಲ್ಲ, ಬದುಕು.

ಹಾಡುವುದು ಕಲಿಕೆಯಿಂದ, ರಾಗಸಂಯೋಜನೆ ಮಾತ್ರ ದೈವದತ್ತವಾಗಿ ಬರತಕ್ಕದ್ದೆಂದು ಅನೇಕರ ತಿಳಿವಳಿಕೆ. ನನಗೆ ಅದು ಒಪ್ಪಿಗೆಯಿಲ್ಲ. ಸಂಯೋಜನೆಗೂ ಓನಾಮವುಂಟು. ಸ, ರಿ, ಗ ಎಂಬ ಮೂರು ಸ್ವರಗಳನ್ನು ಯಾವುದೂ ಮರುಕಳಿಸದಂತೆ 6 ಬಗೆಯಾಗಿ ಜೋಡಿಸಬಹುದು. ನಾಲ್ಕಾದರೆ 24, ಐದಾದರೆ 120, ಏಳಾದರೆ 5040. ಈ ಪ್ರಸ್ತಾರದ ಲೆಕ್ಕವನ್ನು 13ನೆಯ ಶತಮಾನದಲ್ಲಿಯೇ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಖಂಡಮೇರುವೆಂದು ವಿವರಿಸಿದ್ದಾನೆ. ಪಲಟಾಗಳನ್ನು ಗಿಣಿಪಾಠದಂತೆ ಒಪ್ಪಿಸುವ ಹುಡುಗ ಗಂಟಲನ್ನಷ್ಟೇ ಪಳಗಿಸುತ್ತಾನೆ. ಐದು ಸ್ವರಗಳನ್ನು ಕೊಟ್ಟು, ಭೂಪಾಲಿಯಂತೆ ಕೇಳಿಸುವ ನಾಲ್ಕು ತುಣುಕು ಕಟ್ಟು, ದೇಶಕಾರದಂತೆ ಕೇಳಿಸುವ ನಾಲ್ಕು ತುಣುಕು ಕಟ್ಟು ಎಂದರೆ ಆಗ ಬುದ್ಧಿ ಎಚ್ಚರಗೊಳ್ಳುತ್ತದೆ. ಎರಡಕ್ಕೂ ಸ್ವರಗಳು ಅವೇ. ಮೊದಲನೆಯದರಲ್ಲಿ ಗಾಂಧಾರ ಯಜಮಾನ, ಎರಡನೆಯದರಲ್ಲಿ ಧೈವತ. ಎಲ್ಲಿ ನಿಲ್ಲಬೇಕೆಂಬುದೇ ಅಲ್ಲಿಯ ಪಾಠ.

ವಚನಕ್ಕೆ ರಾಗ ಹಾಕುವವರ ಕಷ್ಟ ಇನ್ನೂ ಸೂಕ್ಷ್ಮ. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಮಾತಿನ ನಡೆಯೇ ಅದರ ಲಯ. ತಾಳ ತುಂಬಿಸಲೆಂದು ಪದವನ್ನು ನಡುವೆ ಹರಿದರೆ ಅರ್ಥವೇ ಹರಿದುಹೋಗುತ್ತದೆ. (ಇಂಥ ಗಾಯನವನ್ನು ಸಭೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ.) ಮಠದಲ್ಲಿ ಛಂದಸ್ಸು ಓದಿದವನಾದ್ದರಿಂದ, ಆಶ್ರಮದ ಪ್ರಾಂಗಣದಲ್ಲಿ ಕುಳಿತು ಅಂಕಿತಗಳ ಮಾತ್ರೆಗಳನ್ನು ಬೆರಳ ಮೇಲೆ ಎಣಿಸಿದೆ. ‘ಕೂಡಲಸಂಗಮದೇವ’ದಲ್ಲಿ 11 ಮಾತ್ರೆ, ‘ದೇ’ಗೆ ಮುಂಚೆ ಸರಿಯಾಗಿ 8. ಹದಿನಾರು ಮಾತ್ರೆಯ ತೀನ್ ತಾಳದಲ್ಲಿ ಖಾಲಿಯಿಂದ, ಅಂದರೆ ಒಂಬತ್ತನೆಯ ಮಾತ್ರೆಯಿಂದ ಎತ್ತಿಕೊಂಡರೆ ಒಂದಕ್ಷರವನ್ನೂ ಎಳೆಯದೆ ‘ದೇವ’ನು ಸಮದ ಮೇಲೆ ಬಂದು ನಿಲ್ಲುತ್ತಾನೆ! ‘ಚೆನ್ನಮಲ್ಲಿಕಾರ್ಜುನ’ಕ್ಕೆ 10 ಮಾತ್ರೆ. ಝಪತಾಳಕ್ಕೆ ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೆ ಎರಡು-ಮೂರು-ಎರಡು-ಮೂರರ ವಿಭಾಗದಲ್ಲಿ ‘ಕಾ’ ಅಕ್ಷರವು ಏಳನೆಯ ಮಾತ್ರೆಯಿಂದ ಎಂಟಕ್ಕೆ ಗಡಿ ದಾಟುತ್ತದೆ. ಅಲ್ಲಿ ದನಿಯನ್ನು ತುಂಡರಿಸದೆ ಹಾಯಿಸಬೇಕು. ಒಂದೇ ಪದ, ಒಂದೇ ಆವರ್ತನ. ಒಂದು ವಾರದ ಅಭ್ಯಾಸಕ್ಕೆ ಅಷ್ಟು ಸಾಕು.

‘ಗುಹೇಶ್ವರ’ನಿಗೆ ಐದೇ ಮಾತ್ರೆ. ಮನೆಯಲ್ಲಿ ಹಾರ್ಮೋನಿಯಂ ಹಿಡಿದಿರುವ ಮಕ್ಕಳಿಗೆ ಅದನ್ನು ಬಿಟ್ಟಿದ್ದೇನೆ. ತೀನ್ ತಾಳದಲ್ಲಿ ‘ಹೇ’ ಸಮದ ಮೇಲೆ ಬೀಳಬೇಕಾದರೆ ಎಷ್ಟನೆಯ ಮಾತ್ರೆಯಿಂದ ಎತ್ತಬೇಕು?